ಹೋಳಿ ಹುಣ್ಣಿಮೆಯ ತಾರೀಖು

ನಾನು ಸಂಶಯದ ಪ್ರಾಣಿ. ಮುಂಬೈಯ ಗ್ರಾಂಟ್ ರೋಡಿನಲ್ಲಿ ಹೋಟೆಲು ನಡೆಸುವ ನನ್ನ ಅಣ್ಣ ಹಾಗೆ ಹೇಳುತ್ತಾನೆ, ಅವನ ಅಡುಗೆಯವರೂ ಹೇಳುತ್ತಾರೆ, ನಾನೂ ಒಪ್ಪುತ್ತೇನೆ. ಇಪ್ಪತ್ತು ವರ್ಷ ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು ಬೇರೆ ಹೇಗಿರಲು ಸಾಧ್ಯ? ಬಸುರಿಯರು ಸುಳ್ಳು ಹೇಳುತ್ತಾರೆ. ರಕ್ತ ಹೆಚ್ಚುವ ಮಾತ್ರೆ ನುಂಗಿದೆ ಅನ್ನುತ್ತಾರೆ, ಮಾತ್ರೆ ಗಟಾರದಲ್ಲಿ ಬಿದ್ದಿರುತ್ತದೆ. ಇದು ಎರಡನೆಯದು ಅನ್ನುತ್ತಾರೆ, ಹೊಟ್ಟೆ ನೋಡಿದರೆ ನಾಲ್ಕನೆಯದು. ಗಂಡ ದೇವರಂಥವನು ಅನ್ನುತ್ತಾರೆ, ಬೆನ್ನ ಮೇಲೆ ಬಾಸುಂಡೆ. ಹಾಗಾಗಿ ನಾನು ಅವರ ಮಾತನ್ನು ಅರ್ಧ ಕೇಳಿಸಿಕೊಂಡು, ಉಳಿದರ್ಧವನ್ನು ಕೈಯಿಂದ ಮುಟ್ಟಿ ತಿಳಿದುಕೊಳ್ಳುತ್ತಿದ್ದೆ. ಈ ಅಭ್ಯಾಸದಿಂದ ಎಷ್ಟೋ ಜೀವ ಉಳಿದಿವೆ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮಲ್ಲವ್ವನ ವಿಷಯ ಮಾತ್ರ ಬೇರೆ.

೧೯೭೧ನೇ ಇಸವಿ. ವಡಾಲದಲ್ಲಿ ನಮ್ಮದು ಹನ್ನೆರಡು ಹಾಸಿಗೆಯ ಸಣ್ಣ ಹೆರಿಗೆ ಆಸ್ಪತ್ರೆ. ಅದರ ಹಿಂದೆ, ಬಂದರಿನ ಗೋದಾಮುಗಳನ್ನು ಕಟ್ಟುವ ಬಿಜಾಪುರ, ಬಾಗಲಕೋಟೆ ಕಡೆಯ ಕೂಲಿಯವರ ಝೋಪಡಿಗಳು. ಕನ್ನಡ ಬಲ್ಲ ನರ್ಸು ಅಲ್ಲಿ ನಾನೊಬ್ಬಳೇ. ನನ್ನ ಉಡುಪಿ ಕನ್ನಡ ಕೇಳಿ ಅವರಿಗೆ ನಗು, ಅವರ ಕನ್ನಡ ಕೇಳಿ ಮೊದಮೊದಲು ನನಗೆ ತಲೆನೋವು. ಆದರೂ ಅವರ ಹೆಂಗಸರೆಲ್ಲ 'ನೀಲಾವತಿಬಾಯಿ ಎಲ್ಲಿ' ಎಂದು ಕೇಳಿಕೊಂಡೇ ಬರುತ್ತಿದ್ದರು.

ಮಲ್ಲವ್ವ ಮೊದಲ ಸಲ ಬಂದದ್ದು ಜೂನ್ ತಿಂಗಳಲ್ಲಿ. ಹದಿನೆಂಟೋ ಹತ್ತೊಂಬತ್ತೋ ವಯಸ್ಸು, ಚೊಚ್ಚಲು. ಅತ್ತೆ ಕಸ್ತೂರಿಬಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಕಡೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದೆ. ಹುಡುಗಿ ಬಾಗಿಲ ಪರದೆಯ ಕಡೆ ಒಮ್ಮೆ ನೋಡಿ, ನನ್ನ ಕಿವಿಯ ಹತ್ತಿರ ಬಂದು ಹೇಳಿದಳು.

"ಹೋಳಿ ಹುಣ್ಣಿಮಿ ದಿನ್ರಿ ಬಾಯಿ."

ಕ್ಯಾಲೆಂಡರು ನೋಡಿದೆ. ಮಾರ್ಚ್ ಹನ್ನೆರಡು. ಕಾರ್ಡಿನ ಮೇಲೆ ಬರೆದೆ, ಅದರ ಕೆಳಗೆ ಹೆರಿಗೆಯ ಅಂದಾಜು ದಿನ ಡಿಸೆಂಬರ್ ಹತ್ತೊಂಬತ್ತು ಎಂದೂ ಬರೆದೆ. ಪ್ರತಿ ಸಲ ಬರುವಾಗ ಕಾರ್ಡು ತರಬೇಕು, ಕಳೆದರೆ ಬೈಗಳು ತಿನ್ನುತ್ತೀ ಎಂದು ಹೇಳಿ ಅವಳ ಕೈಗೇ ಕೊಟ್ಟೆ. ದಿನಕ್ಕೆ ಮೂವತ್ತು ಕಾರ್ಡು ಬರೆಯುತ್ತಿದ್ದವಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಜುಲೈ, ಆಗಸ್ಟ್ ಎರಡೂ ತಿಂಗಳು ತಪ್ಪದೆ ಬಂದಳು. ಸೆಪ್ಟೆಂಬರಿನಲ್ಲಿ ಬರಲಿಲ್ಲ. ಅಕ್ಟೋಬರ್ ಮೊದಲ ವಾರವೂ ಇಲ್ಲ. ಅತ್ತೆಯದೇ ಕಿತಾಪತಿ ಇರಬೇಕು ಎಂದುಕೊಂಡೆ. ಅತ್ತೆಯರ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಒಂದು ಭಾನುವಾರ ಮಧ್ಯಾಹ್ನ, ನನ್ನ ರಜೆ ಹಾಳುಮಾಡಿಕೊಂಡು, ಚೀಲ ಹಿಡಿದು ಝೋಪಡಿಗೆ ಹೋದೆ.

ಮಲ್ಲವ್ವ ಹೊರಗೆ ಗೋಣಿತಟ್ಟಿನ ನೆರಳಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವಳ ಕೈ. ಅವರ ಕಡೆ ಏಳನೇ ತಿಂಗಳಿಗೆ ಬಸುರಿಗೆ ಕುಬಸ ಮಾಡುತ್ತಾರೆ. ಹಸಿರು ಸೀರೆ ಉಡಿಸಿ, ಎರಡೂ ಕೈಗೆ ಹಸಿರು ಬಳೆ ತುಂಬಿಸಿ, ಓಣಿಗೆಲ್ಲ ಊಟ ಹಾಕುತ್ತಾರೆ. ಆ ಬಳೆಗಳ ದೆಸೆಯಿಂದ ರಕ್ತದೊತ್ತಡದ ಪಟ್ಟಿ ಕಟ್ಟಲಿಕ್ಕೇ ಆಗುವುದಿಲ್ಲ ಎಂದು ನಾನು ಎಷ್ಟು ಮಂದಿಗೆ ಗದರಿದ್ದೇನೋ. ಈ ಹುಡುಗಿಯ ಕೈಯಲ್ಲಿ ಹಳೆಯ ಎರಡೆರಡು ಬಳೆ ಬಿಟ್ಟರೆ ಏನೂ ಇರಲಿಲ್ಲ. ಕೆಳಗೆ ನೋಡಿದೆ, ಪಾದ ಊದಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಕುಳಿ ಹಾಗೆಯೇ ನಿಂತಿತು.

"ಕುಬಸ ಆಗಲಿಲ್ವಾ?" ಎಂದೆ.

ಒಳಗಿನಿಂದ ಕಸ್ತೂರಿಬಾಯಿ ಬಂದಳು. ಅವಳ ಹಿಂದೆ ಮಗ ಚಂದ್ರಾಮ. ಪಕ್ಕದ ಝೋಪಡಿಯಿಂದ, ಯಾರೂ ಕರೆಯದೆಯೇ, ನೀಲಕಂಠಪ್ಪನೂ ಬಂದು ನಿಂತ. ಈ ನೀಲಕಂಠಪ್ಪ ಅವರನ್ನೆಲ್ಲ ಊರಿನಿಂದ ಕರೆತಂದ ಮುಕಾದಮ. ಯಾರಿಗೆ ಕೆಲಸ, ಯಾರಿಗೆ ಇಲ್ಲ ಎನ್ನುವುದು ಅವನ ಬಾಯಲ್ಲಿತ್ತು. ಇಂಗ್ಲಿಷ್ ಅಂಕಿ ಓದಲು ಬರುತ್ತಿದ್ದುದರಿಂದ ಅಲ್ಲಿ ಅವನೇ ಪಂಡಿತ.

"ಯಾರ ಕೂಸಿಗಂತ ಕುಬಸ ಮಾಡೂದ್ರಿ?" ಎಂದ ಚಂದ್ರಾಮ. ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳಿದ್ದರೆ ನನಗೆ ಜಗಳವಾಡಲು ಸುಲಭವಿತ್ತು.

ಆಮೇಲೆ ವಿಷಯ ಒಂದೊಂದಾಗಿ ಹೊರಬಿತ್ತು. ಕುಬಸಕ್ಕೆ ದಿನ ನೋಡಬೇಕಿತ್ತು. ಏಳನೇ ತಿಂಗಳು ಯಾವಾಗ ಬೀಳುತ್ತದೆ ಎಂದು ತಿಳಿಯಲು ನೀಲಕಂಠಪ್ಪ ನನ್ನ ಕಾರ್ಡು ಕೇಳಿ ಇಸಿದುಕೊಂಡಿದ್ದ. ಮೇಲಿನ ಸಾಲಿನಲ್ಲಿ ಮಾರ್ಚ್ ಹನ್ನೆರಡು ಎಂದಿತ್ತು. ಬಸಿರು ನಿಂತ ದಿನ ಇದೇ ಎಂದು ಆ ಪಂಡಿತ ಓದಿ ಹೇಳಿದ. ಚಂದ್ರಾಮ ಸಂಕ್ರಾಂತಿ ಮುಗಿಸಿ ಇಗತಪುರಿ ಕಡೆ ಅಣೆಕಟ್ಟಿನ ಕೆಲಸಕ್ಕೆ ಹೋದವನು ತಿರುಗಿ ಬಂದದ್ದು ಯುಗಾದಿ ಅಮಾವಾಸ್ಯೆಯ ದಿನ, ಮಾರ್ಚ್ ಇಪ್ಪತ್ತಾರಕ್ಕೆ. ನಡುವೆ ಹದಿನಾಲ್ಕು ದಿನ. ಅಂದಿನಿಂದ ಆ ಮನೆಯಲ್ಲಿ ಮಲ್ಲವ್ವನ ಜೊತೆ ಯಾರೂ ಮಾತಾಡಿರಲಿಲ್ಲ. ಹೆರಿಗೆಯಾದ ಮೇಲೆ ಕೂಸಿನ ಸಮೇತ ಅವಳನ್ನು ಬಿಟ್ಟುಬಿಡುವುದೆಂದು ತೀರ್ಮಾನವೂ ಆಗಿತ್ತು. ತಾಯಿ ಇಲ್ಲದ ಹುಡುಗಿ. ತವರಿನಲ್ಲಿ ಇದ್ದ ಒಬ್ಬ ಚಿಕ್ಕಪ್ಪ ಹೊಸಲು ಹತ್ತಿಸುವವನಲ್ಲ.

ನನಗೆ ಮೈಯೆಲ್ಲ ಉರಿಯಿತು. ನನ್ನ ಕೈಬರಹ ಒಂದು ಸಂಸಾರ ಒಡೆಯುತ್ತಿದೆ, ನಾನು ಅಲ್ಲಿ ಕುರ್ಚಿಯಲ್ಲಿ ಕೂತು ಕಾರ್ಡು ಬರೆಯುತ್ತಲೇ ಇದ್ದೇನೆ!

"ಎಂತ ಬುದ್ಧಿ ಮಾರಾಯ ನಿಮ್ಮದು!" ಎಂದೆ. "ಗಂಡ ಬಂದ ದಿನ ನಮಗೆ ಹೇಗೆ ಗೊತ್ತಾಗ್ತದೆ? ನಾವು ಲೆಕ್ಕ ಹಿಡಿಯುವುದು ಹೆಂಗಸು ಕಡೆಯ ಸಲ ಹೊರಗೆ ಕೂತ ದಿನದಿಂದ. ಬಸಿರು ನಿಲ್ಲುವುದು ಅದಾಗಿ ಹದಿನಾಲ್ಕು, ಹದಿನೈದು ದಿನಕ್ಕೆ. ಹನ್ನೆರಡಕ್ಕೆ ಹದಿನಾಲ್ಕು ಕೂಡಿಸು, ಎಷ್ಟಾಯ್ತು? ಇಪ್ಪತ್ತಾರು. ನೀನು ಬಂದ ದಿನವೇ ಅಲ್ವಾ?"

"ಹಂಗಂದ್ರ ನಾ ಬರೂಕಿಂತ ಮೊದಲಽ ಕೂಸಿಗೆ ಎರಡು ವಾರ ಆಗಿತ್ತೇನ್ರಿ?"

"ಕೂಸಿಗಲ್ಲ ಮಾರಾಯ, ಲೆಕ್ಕಕ್ಕೆ. ಎಲ್ಲರ ಕಾರ್ಡೂ ಹೀಗೇ. ನಿನ್ನ ಮುಕಾದಮನ ಹೆಂಡತಿಯದ್ದು ತೆಗೆದು ನೋಡು."

ಚಂದ್ರಾಮನ ಮುಖ ಸ್ವಲ್ಪ ಸಡಿಲಾಯಿತು. ನಂಬಲು ಅವನಿಗೆ ಆಸೆಯಿತ್ತು, ಅದು ಕಾಣುತ್ತಿತ್ತು. ಅಷ್ಟರಲ್ಲಿ ನೀಲಕಂಠಪ್ಪ ಕೆಮ್ಮಿದ.

"ಬಾಯಾರ, ಹೋಳಿ ಹುಣ್ಣಿಮಿ ದಿನ ಆಕಿ ಹೊರಗಾಗಿದ್ಲು ಅಂತೀರೇನು? ಅವತ್ತ ಮೈಲಾರಲಿಂಗಗ ಎಡಿ ಮಾಡಿದಾಕಿ ಯಾರು? ನಾವು ಹನ್ನೆರಡು ಮಂದಿ ಇದಽ ಮನ್ಯಾಗ ಕುಂತು ಉಂಡೀವಿ. ಆಕಿ ಕೈಯಾನ ಹೋಳಗಿ ನಾನಽ ನಾಕು ತಿಂದೀನಿ. ಹೊರಗಾದಾಕಿ ಒಲಿ ಮುಂದ ಕುಂದರತಾಳೇನ್ರಿ? ದೇವರ ಎಡಿ ಮುಟ್ಟತಾಳೇನ್ರಿ?"

ಮೂರು ದಿನ ಹೊರಗೆ ಕೂರುವ ಹೆಂಗಸು ನೀರಿನ ಕೊಡವನ್ನೂ ಮುಟ್ಟುವುದಿಲ್ಲ. ದೇವರ ನೈವೇದ್ಯದ ಮಾತಂತೂ ದೂರ. ಹನ್ನೆರಡು ಗಂಡಸರು ಅವಳ ಅಡುಗೆ ಉಂಡಿದ್ದರೆ ಅವಳು ಆ ದಿನ ಹೊರಗಾಗಿರಲಿಲ್ಲ. ಹೊರಗಾಗಿರಲಿಲ್ಲ ಅಂದರೆ ನನಗೆ ಹೇಳಿದ ತಾರೀಖು ಸುಳ್ಳು. ತಾರೀಖು ಸುಳ್ಳು ಹೇಳುವವಳು ಯಾಕೆ ಹೇಳುತ್ತಾಳೆ?

ಕಸ್ತೂರಿಬಾಯಿಯ ಕಡೆ ತಿರುಗಿದೆ. ಒಂದೇ ಕೋಣೆಯ ಮನೆ, ಸೊಸೆ ಯಾವಾಗ ಹೊರಗೆ ಕೂತಳು ಎನ್ನುವುದು ಅತ್ತೆಗೆ ಗೊತ್ತಿಲ್ಲದೆ ಇರುವುದಿಲ್ಲ. "ಹೌದಾ? ಆ ದಿನ ಅಡುಗೆ ಮಾಡಿದ್ದು ಇವಳಾ?"

"ಹೌದ್ರಿ. ಆಕೀನಽ ಮಾಡಿದ್ಲು," ಎಂದಳು. ನನ್ನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ.

ಪರೀಕ್ಷೆ ಮಾಡಬೇಕು ಎಂದು ಮಲ್ಲವ್ವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲಿಗೆ ಸೀರೆ ಇಳಿಬಿಟ್ಟೆ. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಕಿವಿಗೊಟ್ಟೆ, ಕೂಸಿನ ಎದೆಬಡಿತ ಚೆನ್ನಾಗಿತ್ತು. ಬೆರಳಿಟ್ಟು ಹೊಟ್ಟೆಯ ಎತ್ತರ ಅಳೆದೆ. ಕಾರ್ಡಿನ ಲೆಕ್ಕಕ್ಕಿಂತ ಒಂದು ಬೆರಳು ಹೆಚ್ಚಿತ್ತು. ಒಂದು ಬೆರಳು ಅಂದರೆ ಏನೂ ಅಲ್ಲ. ಬೇರೆ ದಿನವಾಗಿದ್ದರೆ ನಾನು ಅದನ್ನು ಗಮನಕ್ಕೂ ತಂದುಕೊಳ್ಳುತ್ತಿರಲಿಲ್ಲ. ಆ ದಿನ ಆ ಒಂದು ಬೆರಳು ನನ್ನ ತಲೆಗೆ ಹೊಕ್ಕಿತು: ಬಸಿರು ಇವಳು ಹೇಳಿದ್ದಕ್ಕಿಂತ ಹಳೆಯದು.

"ನಿಜ ಹೇಳು ಮಾರಾಯ್ತಿ," ಎಂದು ಪಿಸುಗುಟ್ಟಿದೆ. "ಯಾರದ್ದು? ನಾನು ಯಾರಿಗೂ ಹೇಳುವುದಿಲ್ಲ."

ಅವಳು ನನ್ನನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ನನ್ನ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದಿಟ್ಟು ಸೀರೆ ಎಳೆದುಕೊಂಡಳು.

"ನೀವು ಹೋಗ್ರಿ ಬಾಯಿ."

ಮಂಗಳವಾರ ಬಂದು ರಕ್ತದೊತ್ತಡ ನೋಡಿಸಿಕೊಳ್ಳಬೇಕು, ಕಾಲಿನ ಊತ ಒಳ್ಳೆಯದಲ್ಲ, ಉಪ್ಪು ಕಡಿಮೆ ಮಾಡು ಎಂದು ಹೇಳಿ ಎದ್ದೆ. ಅವಳು ಮಂಗಳವಾರ ಬರಲಿಲ್ಲ. ಆಯಾಳನ್ನು ಎರಡು ಸಲ ಕಳಿಸಿದೆ, ನವೆಂಬರಿನಲ್ಲಿ ಒಮ್ಮೆ ನಾನೇ ಹೋದೆ. ನನ್ನ ದನಿ ಕೇಳಿದೊಡನೆ ಒಳಗಿನಿಂದ ಅಗುಳಿ ಬಿತ್ತು. ನನಗೂ ಸಿಟ್ಟು ಬಂತು. ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದಾಳೆ, ಮುಖ ತೋರಿಸಲು ಆಗದೆ ಅಡಗಿದ್ದಾಳೆ ಎಂದುಕೊಂಡೆ. ಆಸ್ಪತ್ರೆಯ ದಪ್ಪ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಾರೀಖಿನ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕಿದೆ. ಹಾಗೆ ಮಾಡಿದ್ದು ನಾನೇ, ಯಾರೂ ಹೇಳಿಕೊಟ್ಟದ್ದಲ್ಲ.

ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಮುಂಬೈಗೆ ಬ್ಲ್ಯಾಕೌಟು. ನಮ್ಮ ಆಸ್ಪತ್ರೆಯ ಕಿಟಕಿಗಳಿಗೂ ಕಪ್ಪು ಕಾಗದ ಅಂಟಿಸಿದ್ದೆವು, ಹಗಲಲ್ಲೇ ದೀಪ ಹಾಕಿಕೊಂಡು ಕೆಲಸ. ಹದಿನಾಲ್ಕನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಮುಂದೆ ಒಂದು ಹಾತಗಾಡಿ ನಿಂತಿತು. ಅದರ ಮೇಲೆ ಗೋಣಿ ಹಾಸಿ ಮಲ್ಲವ್ವನನ್ನು ಮಲಗಿಸಿದ್ದರು. ಗಾಡಿ ತಳ್ಳಿಕೊಂಡು ಬಂದದ್ದು ಕಸ್ತೂರಿಬಾಯಿ, ಒಬ್ಬಳೇ.

ಹುಡುಗಿಯ ಮುಖ ಗುರುತು ಸಿಗದಷ್ಟು ಊದಿತ್ತು. ಕಣ್ಣು ಮಂಜಾಗುತ್ತಿದೆ, ತಲೆ ಸಿಡಿಯುತ್ತಿದೆ ಎಂದಳು. ರಕ್ತದೊತ್ತಡ ನೂರರವತ್ತರ ಮೇಲೆ. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ನನ್ನನ್ನು ಪಕ್ಕಕ್ಕೆ ಕರೆದು, ಫಿಟ್ಸ್ ಬಂದರೆ ತಾಯಿ ಕೂಸು ಎರಡೂ ಉಳಿಯುವುದು ಕಷ್ಟ, ಕಣ್ಣಲ್ಲಿ ಕಣ್ಣಿಟ್ಟು ನೋಡಿ ಎಂದರು. ಕತ್ತಲೆ ಕೋಣೆ ಬೇಕಿತ್ತು. ಯುದ್ಧದ ಪುಣ್ಯದಿಂದ ಅದೊಂದು ಸಿದ್ಧವೇ ಇತ್ತು. ಹಲ್ಲಿನ ನಡುವೆ ಇಡಲು ಬಟ್ಟೆ ಸುತ್ತಿದ ಚಮಚೆ ದಿಂಬಿನ ಪಕ್ಕ ಇಟ್ಟು, ಐದೈದು ನಿಮಿಷಕ್ಕೆ ಕೂಸಿನ ಎದೆಬಡಿತ ಎಣಿಸುತ್ತಾ ಕೂತೆ. ನೋವು ಬಂದಾಗ ಅವಳು ಮಂಚದ ಕಬ್ಬಿಣ ಹಿಡಿಯುತ್ತಿದ್ದಳು, ನನ್ನ ಕೈಯನ್ನಲ್ಲ.

ಊತ ಯಾವಾಗ ಹೆಚ್ಚಾಯಿತು ಎಂದು ಕೇಳಲು ಹೊರಗೆ ಬಂದೆ. ಕಸ್ತೂರಿಬಾಯಿ ವರಾಂಡದ ನೆಲದ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಕಾಲಿಗೆ ಬಿದ್ದಳು.

"ನಂದಽ ತಪ್ಪರಿ ಬಾಯಿ. ಮೈಲಾರಲಿಂಗ ನನ್ನ ಬಿಟ್ಟು ಆಕೀನ್ನ ಹಿಡದಾನ್ರಿ."

ಎಬ್ಬಿಸಿ ಕೂರಿಸಿ, ಏನು ತಪ್ಪು ಎಂದು ಕೇಳಿದೆ. ಅವಳು ಬಿಕ್ಕುತ್ತಾ ಹೇಳಿದಳು. ಹೋಳಿ ಹುಣ್ಣಿಮೆಯ ಹಿಂದಿನ ದಿನ ಗಂಜಿ ಬಸಿಯುವಾಗ ಅವಳ ಬಲಗೈ ಬೆಂದಿತ್ತು. ಮರುದಿನ ಹನ್ನೆರಡು ಮಂದಿಗೆ ಊಟ ಹೇಳಿಯಾಗಿತ್ತು. ಬೆಳಗಾಗುವಷ್ಟರಲ್ಲಿ ಸೊಸೆ ಬಂದು, ಅತ್ತಿ, ನಾ ಹೊರಗಾದೆ ಎಂದಳು. ಮನೆಯಲ್ಲಿ ಮೂರನೆಯ ಹೆಂಗಸಿಲ್ಲ. ಮುಕಾದಮನ ಎಲೆ ಖಾಲಿ ಹೋದರೆ ಮಗನ ಕೆಲಸಕ್ಕೆ ಕುತ್ತು.

"ಬಾಯಿ ಮುಚ್ಚು, ಜಳಕ ಮಾಡಿ ಒಲಿ ಹಚ್ಚು ಅಂದ್ನಿರಿ. ಎಡೀನೂ ಆಕಿ ಕೈಲೇನಽ ಮಾಡ್ಸಿದ್ನಿ. ಯಾರ ಮುಂದನೂ ಹೇಳಬಾರದಂತ ಭಂಡಾರ ಮುಟ್ಟಿಸಿ ಆಣಿ ಹಾಕಸೀನ್ರಿ."

ಭಂಡಾರ ಅಂದರೆ ಅವರ ದೇವರ ಅರಿಸಿನ. ಅದನ್ನು ಮುಟ್ಟಿ ಮಾಡಿದ ಆಣೆಯನ್ನು ಆ ಜನ ಪ್ರಾಣ ಹೋದರೂ ಮುರಿಯುವುದಿಲ್ಲ.

ಹುಡುಗಿ ಹೇಳಿದ ತಾರೀಖು ನಿಜ. ಅವಳನ್ನು ಉಳಿಸಬಹುದಾಗಿದ್ದ ಮಾತು ಅತ್ತೆಯ ಬಾಯಲ್ಲಿತ್ತು. ಮೂರು ತಿಂಗಳು ಅದನ್ನು ನುಂಗಿಕೊಂಡು ಈ ಹೆಂಗಸು ಸೊಸೆ ಬಾಡುವುದನ್ನು ನೋಡುತ್ತಾ ಕೂತಿದ್ದಳು.

"ಮೊದಲೇ ಹೇಳಲಿಕ್ಕೆ ಏನಾಗಿತ್ತು ನಿನಗೆ?" ಎಂದು ಕಿರುಚಿದೆ.

"ಹೇಳಿದ್ರ ಮುಟ್ಟಾದಾಕಿ ಎಡಿ ಉಣಿಸಿದ್ರಂತ ಮಂದಿ ನಮ್ಮನ್ನ ಹೊರಗ ಹಾಕತಾರ್ರಿ. ಮಗನ ಕೆಲಸ ಹೋಗತೈತ್ರಿ. ದಿನಾ ಹೇಳಬೇಕಂತಿದ್ನಿ, ಬಾಯಿ ಬರಲಿಲ್ರಿ."

"ನನಗೆ ಹೇಳಿ ಏನೂ ಪ್ರಯೋಜನ ಇಲ್ಲ. ನಾನು ಹೇಳಿದರೆ ಅವರು ನಂಬುವುದಿಲ್ಲ. ನಿನ್ನ ಮಗ ಬರ್ತಾನಲ್ಲ, ಅವನ ಎದುರು ಹೇಳು," ಎಂದೆ. ಅವಳು ತಲೆ ಅಲ್ಲಾಡಿಸಿದಳು, ಹೌದೆಂದೋ ಇಲ್ಲವೆಂದೋ ತಿಳಿಯಲಿಲ್ಲ.

ಹನ್ನೊಂದೂವರೆಗೆ ಹೆರಿಗೆಯಾಯಿತು. ಫಿಟ್ಸ್ ಬರಲಿಲ್ಲ. ಹೆಣ್ಣು ಕೂಸು, ಐದೂವರೆ ಪೌಂಡು, ಹುಟ್ಟಿದೊಡನೆ ಆಸ್ಪತ್ರೆ ಕಿತ್ತುಹೋಗುವಂತೆ ಅತ್ತಿತು. ನನಗೆ ಆದ ಸಂತೋಷಕ್ಕೆ ಆಯಾಳನ್ನು ಅಪ್ಪಿಕೊಂಡೆ. ಮಲ್ಲವ್ವ ಕೂಸನ್ನು ತನ್ನ ಪಕ್ಕಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದಳು.

ಮಧ್ಯಾಹ್ನದ ಊಟದ ಬಿಡುವಿಗೆ ಚಂದ್ರಾಮ ಬಂದ, ಜೊತೆಗೆ ನೀಲಕಂಠಪ್ಪನೂ ಬಂದ. ಈ ಮನುಷ್ಯ ಇಲ್ಲದೆ ಆ ಮನೆಯಲ್ಲಿ ಸೊಳ್ಳೆಯೂ ಹಾರುತ್ತಿರಲಿಲ್ಲ. ಜನನದ ಫಾರಂ ಹಿಡಿದು ವರಾಂಡಕ್ಕೆ ಹೋಗಿ, ತಂದೆಯ ಪೂರ್ತಿ ಹೆಸರು ಹೇಳು ಎಂದೆ. ಚಂದ್ರಾಮ ಮುಕಾದಮನ ಮುಖ ನೋಡಿದ. ನೀಲಕಂಠಪ್ಪ ಬೆರಳು ಮಡಿಸಿ ಎಣಿಸಿದ.

"ಯುಗಾದಿಯಿಂದ ಒಂಬತ್ತು ತಿಂಗಳ ಒಂಬತ್ತು ದಿನ ಅಂದ್ರ ಜನವರಿ ನಾಕನೇ ತಾರೀಖ. ಇವತ್ತ ಡಿಸೆಂಬರ ಹದಿನಾಕು. ಮೂರು ವಾರ ಮೊದಲಽ ಬಂತಲ್ಲೋ ಚಂದ್ರಾಮ." ಎಣಿಸಬೇಕಾದದ್ದು ಹೋಳಿಯಿಂದ, ಕಾರ್ಡಿನ ಪ್ರಕಾರ ಕೂಸು ಬಂದದ್ದು ಐದೇ ದಿನ ಮೊದಲು.

ಚಂದ್ರಾಮ ನನ್ನ ಕಡೆ ನೋಡಿ, "ನಾ ಹೆಸರ ಕೊಡೂದಿಲ್ರಿ," ಎಂದ.

ಕಸ್ತೂರಿಬಾಯಿ ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಪಾಠ ಒಪ್ಪಿಸುವವಳ ಹಾಗೆ ಹೇಳಿದಳು.

"ಹೋಳಿ ಹುಣ್ಣಿಮಿ ದಿನ ಆಕಿ ಹೊರಗಾಗಿದ್ಲು. ನನಗ ಗೊತ್ತಿತ್ತು. ಗೊತ್ತಿದ್ದೂ ಒಲಿ ಮುಂದ ಕುಂದರಿಸಿದಾಕಿ ನಾನು. ದೇವರಿಗೆ ಎಡಿ ಹಿಡಿಸಿದಾಕಿ ನಾನು. ನಿಮಗೆಲ್ಲಾ ಉಣಿಸಿದಾಕಿ ನಾನು. ಬಾಯಾರು ಬರದದ್ದು ಖರೆ ಐತಿ. ಏನ್ ದಂಡ ಹಾಕತೀರಿ ನನಗ ಹಾಕ್ರಿ."

ನೀಲಕಂಠಪ್ಪ ಅಂಗಳದ ನಲ್ಲಿಗೆ ಓಡಿಹೋಗಿ ಬಾಯಿ ಮುಕ್ಕಳಿಸತೊಡಗಿದ. ಒಂಬತ್ತು ತಿಂಗಳ ಹಿಂದೆ ತಿಂದ ನಾಲ್ಕು ಹೋಳಿಗೆಗೆ ಈಗ ಬಾಯಿ ತೊಳೆಯುತ್ತಿದ್ದ! ನನಗೆ ನಗು ತಡೆಯಲಿಲ್ಲ, ಆದರೆ ಅವರ ಮುಖಗಳನ್ನು ನೋಡಿ ನುಂಗಿಕೊಂಡೆ. ಅವನು ತಿರುಗಿ ಬಂದು, ನಾಳೆಯಿಂದ ಕೆಲಸಕ್ಕೆ ಬರಬೇಡ, ಝೋಪಡಿಯನ್ನೂ ಬಿಡು ಎಂದು ಚಂದ್ರಾಮನಿಗೆ ಹೇಳಿ ಹೊರಟುಹೋದ.

ಚಂದ್ರಾಮ ತಾಯಿಯನ್ನು ಬೈಯಲಿಲ್ಲ. ವರಾಂಡದ ಕಂಬಕ್ಕೆ ಹಣೆ ಒತ್ತಿ ನಿಂತ. ಆಮೇಲೆ ನನ್ನ ಹತ್ತಿರ ಬಂದು, "ಬರಕೋರಿ," ಎಂದು ತನ್ನ ಹೆಸರು, ತಂದೆಯ ಹೆಸರು, ಊರು ಎಲ್ಲವನ್ನೂ ಹೇಳಿದ. ಒಳಗೆ ಹೋಗಿ ಮಂಚದ ಪಕ್ಕ ನೆಲದ ಮೇಲೆ ಕೂತ. ಮಲ್ಲವ್ವ ಅವನ ಕಡೆ ತಿರುಗಲಿಲ್ಲ, ಆದರೆ ಕೂಸಿನ ಮುಖದ ಮೇಲಿನ ಬಟ್ಟೆಯನ್ನು ಸರಿಸಿದಳು.

ಮೂರನೆಯ ದಿನಕ್ಕೆ ಊತ ಇಳಿದು ಅವಳ ಮುಖ ಅವಳಿಗೆ ತಿರುಗಿ ಬಂತು. ಸಾಂತಾಕ್ರೂಜಿನಲ್ಲಿ ಕಟ್ಟುತ್ತಿದ್ದ ಒಂದು ವಸತಿ ಸೊಸೈಟಿಯಲ್ಲಿ ಚಂದ್ರಾಮನಿಗೆ ಕೆಲಸ ಸಿಕ್ಕಿತ್ತು. ಅಲ್ಲಿಯ ಮುಕಾದಮ ತೆಲುಗಿನವನು, ಹೋಳಿಗೆಯ ವಿಷಯ ಅವನಿಗೆ ಬೇಕಾಗಿರಲಿಲ್ಲ. ಬಿಡುಗಡೆಯ ದಿನ ನಾನು ಹಸಿರು ಬಳೆ ಒಂದು ಡಜನ್ ತೆಗೆದುಕೊಂಡು ಹೋದೆ. ಕುಬಸ ನಾನಂತೂ ಮಾಡಲಾರೆ, ಇದಾದರೂ ಇರಲಿ ಎಂದು ಮನಸ್ಸು. ಹಾಸಿಗೆಯ ಮೇಲೆ ಇಟ್ಟು, "ಎಲ್ಲ ಸರಿಹೋಯ್ತಲ್ವಾ ಮಾರಾಯ್ತಿ? ಇನ್ನು ನಿನ್ನ ಮೇಲೆ ಯಾರಿಗೂ ಸಂಶಯ ಇಲ್ಲ," ಎಂದೆ.

ಅವಳು ಬಳೆ ಮುಟ್ಟಲಿಲ್ಲ. ಕೂಸಿಗೆ ಹಾಲು ಕುಡಿಸುತ್ತಾ ಮೆಲ್ಲಗೆ ಹೇಳಿದಳು.

"ಭಂಡಾರ ಮುಟ್ಟಿ ಆಣಿ ಮಾಡಿದ್ನಿರಿ ಬಾಯಿ. ಕೂಸಿನ ಸಲುವಾಗಿ ಖರೆ ಹೇಳಬೇಕಂತ ಆ ಆಣಿ ಮುರದು ನಿಮಗೊಬ್ರಿಗಽ ಹೇಳಿದ್ನಿ. ಗಂಡಗೂ ಹೇಳಿದ್ದಿಲ್ಲ. ಅವರು ಕೇಳಿದ್ದಕ್ಕ ನನಗೇನ ಅನಸಲಿಲ್ಲರಿ, ಅವರಿಗೆ ಗೊತ್ತಿದ್ದಿಲ್ಲ. ನೀವು ಕೇಳಿದ್ರಲ್ರಿ, ಯಾರದ್ದು ಅಂತ."

ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು, ಅತ್ತೆಯ ಹೆಗಲು ಹಿಡಿದು, ಅವಳು ಮೆಟ್ಟಿಲು ಇಳಿದು ಹೋದಳು.